ರುದ್ರಾಣಿಯ ಮಾತ್ರೆ ನಾಲ್ಕು ಪಾಲಾದದ್ದು

ತಲೆ ಕೆರೆದುಕೊಳ್ಳದ ಮಕ್ಕಳು ಯಾವ ಊರಿನಲ್ಲಿದ್ದಾರೆ, ಹೇಳಿ. ಶಾಲೆಯ ಮುಂದೆ ಸಾಲಾಗಿ ನಿಲ್ಲಿಸಿದರೆ ಅರ್ಧ ಮಕ್ಕಳ ಕೈ ತಲೆಯ ಮೇಲೇ ಇರುತ್ತದೆ. ಹೇನು ಅನ್ನುತ್ತೇವೆ, ಹೊಟ್ಟು ಅನ್ನುತ್ತೇವೆ, ಉಷ್ಣ ಅನ್ನುತ್ತೇವೆ. ಒಂದಿಷ್ಟು ಎಣ್ಣೆ ತಟ್ಟಿ, ಕೈಯ ಮೇಲೊಂದು ಏಟು ಕೊಟ್ಟು ಗದರಿಸಿದರೆ ನಮ್ಮ ಕೆಲಸ ಮುಗಿಯಿತು. ನಮ್ಮ ಎದುರುಮನೆಯ ರುದ್ರಾಣಿಯ ತಲೆಯಲ್ಲಿ ಮೊದಲು ಕಾಣಿಸಿಕೊಂಡದ್ದೂ ಅಂಥದೇ ಕೆರೆತ.

ಮಹಿಳಾ ಸಮಾಜಗಳಲ್ಲಿ ಓದುವುದಕ್ಕೆ ಒಂದು ಕಥೆ ಬರೆದುಕೊಡಿ ಎಂದು ಬ್ಲಾಕ್ ಕಚೇರಿಯವರು ನನ್ನನ್ನು ಕೇಳಿದರು. ನಾನು ದಾಕ್ಷಾಯಣಮ್ಮ, ನಮ್ಮೂರ ಸಮಾಜದ ಕಾರ್ಯದರ್ಶಿ. ಊರು ಶಾಂತಿಗ್ರಾಮದ ಹತ್ತಿರ. ಕಥೆ ಕಟ್ಟುವುದು ನನಗೆ ಬರುವುದಿಲ್ಲ. ಇದ್ದದ್ದನ್ನು ಮುಚ್ಚಿಡುವುದೂ ಬರುವುದಿಲ್ಲ, ಅದಕ್ಕೇ ನನ್ನನ್ನು ಬಾಯಿಬಡುಕಿ ಅನ್ನುವವರು ಊರಲ್ಲಿದ್ದಾರೆ. ಅನ್ನಲಿ. ಎದುರುಮನೆಯಲ್ಲಿ ನಡೆದದ್ದನ್ನು ಆ ಮನೆಯವರ ಒಪ್ಪಿಗೆ ಪಡೆದೇ ಇಲ್ಲಿ ಬರೆದಿದ್ದೇನೆ.

ಆ ಮನೆಯ ಯಜಮಾನಿ ಗುರುಸಿದ್ದಮ್ಮನವರು. ಹಿರಿಯ ಮಗ ಪರಮಶಿವಯ್ಯ ತೆಂಗಿನಕಾಯಿ ವ್ಯಾಪಾರ ಮಾಡುತ್ತಾನೆ, ಅರ್ಧ ವಾರ ಹೊಳೆನರಸೀಪುರದ ಮಂಡಿಯಲ್ಲೇ ಇರುತ್ತಾನೆ. ಅವನ ಹೆಂಡತಿ ತೀರಿಕೊಂಡು ಕೆಲವು ವರ್ಷವಾಯಿತು. ರುದ್ರಾಣಿ ಅವನ ಮಗಳು, ಅವಳಿಗೊಬ್ಬ ತಮ್ಮ. ಕಿರಿಯ ಮಗ ಹಿರೀಸಾವೆಯಲ್ಲಿ ರಸ್ತೆ ಪಕ್ಕ ಹೋಟೆಲು ಇಟ್ಟಿದ್ದಾನೆ, ಊರಿಗೆ ಬರುವುದು ಅಪರೂಪ. ಅವನ ಹೆಂಡತಿ ಸುವರ್ಣಮ್ಮ ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ಅತ್ತೆಯ ಹತ್ತಿರವೇ ಇದ್ದಾಳೆ. ಆ ಇಬ್ಬರಲ್ಲಿ ಚಿಕ್ಕವನು ಮರುಳಸಿದ್ಧ. ಎಲ್ಲರೂ ಮರುಳ ಅನ್ನುತ್ತಾರೆ. ಸುವರ್ಣಮ್ಮನಿಗೆ ಎರಡು ಬಸಿರು ನಿಲ್ಲದೆ ಹೋದ ಮೇಲೆ ಉಳಿದ ಕೂಸು ಅದು.

ಗುರುಸಿದ್ದಮ್ಮನವರಂಥ ಅಜ್ಜಿ ಎಲ್ಲ ಮಕ್ಕಳಿಗೂ ಸಿಗಲಿ ಎಂದು ನಾನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದುವಾಗ ಅವರ ಮೇಲೆ ಯಾರಿಗೂ ಸಿಟ್ಟು ಬರಬಾರದು. ಚಿಕ್ಕಂದಿನಲ್ಲಿ ಅವರು ತಾಯಿಯ ಜೊತೆ ಸೋದರಮಾವನ ಮನೆ ಸೇರಿಕೊಂಡಿದ್ದವರು. ಆ ಮನೆಯಲ್ಲಿ ಮಾವನ ಮಕ್ಕಳಿಗೆ ತುಪ್ಪ, ಇವರಿಗೆ ತಿಳಿಸಾರು. ಆ ಉರಿ ಅವರ ಹೊಟ್ಟೆಯಲ್ಲಿ ಇನ್ನೂ ಆರಿಲ್ಲ. ಹಾಗಾಗಿ ತಮ್ಮ ಮನೆಯಲ್ಲಿ ಮಕ್ಕಳ ನಡುವೆ ಕೂದಲೆಳೆಯಷ್ಟೂ ಭೇದ ಮಾಡುವುದಿಲ್ಲ ಎಂದು ಹಟ ಹಿಡಿದವರು. ಒಂದು ಹೋಳು ಬೆಲ್ಲ ಸಿಕ್ಕರೂ ನಾಲ್ಕು ಚೂರು. ಒಂದು ಮಗುವಿಗೆ ಕೆಮ್ಮು ಬಂದರೆ ಕಷಾಯ ಕಾಯಿಸಿ ನಾಲ್ವರಿಗೂ ಕುಡಿಸುತ್ತಾರೆ. ಬಂದವರಿಗೆ ವಾಸಿಯಾಗಲಿ, ಬಾರದವರಿಗೆ ಬಾರದಿರಲಿ ಎಂಬುದು ಅವರ ಲೆಕ್ಕ. ಶುಂಠಿ ಮೆಣಸಿನ ಕಷಾಯಕ್ಕೆ ಆ ಲೆಕ್ಕ ನಡೆಯುತ್ತದೆ, ಯಾರಿಗೂ ಕೇಡಿಲ್ಲ.

ರುದ್ರಾಣಿಗೆ ಆ ವರ್ಷ ಕೊಟ್ಟಿಗೆಯಲ್ಲಿದ್ದ ಒಂದು ಕರುವಿನ ಹುಚ್ಚು ಹಿಡಿದಿತ್ತು. ತಾಯಿಯಿಲ್ಲದ ಹುಡುಗಿ, ಅದರ ಕತ್ತು ತಬ್ಬಿಕೊಂಡು ಕೆನ್ನೆಗೆ ಕೆನ್ನೆ ಹಚ್ಚಿ ಕೂತುಬಿಡುತ್ತಿದ್ದಳು. ಕರುವಿನ ಕಣ್ಣಿನ ಸುತ್ತ ಬೂದಿ ಬಳಿದಂತೆ ಬಿಳಿಯ ಬಿಲ್ಲೆಗಳು ಎದ್ದಿದ್ದವು. ದನಕರುವಿಗೆ ಬರುವುದೇ ಎಂದು ಯಾರೂ ಅದನ್ನು ನೋಡಲಿಲ್ಲ. ಸ್ವಲ್ಪ ದಿನಕ್ಕೆ ರುದ್ರಾಣಿಯ ನೆತ್ತಿಯ ಹಿಂದೆ ದುಂಡಗೆ ಒಂದು ಕಡೆ ಕೂದಲು ಮುರಿದು ಉದುರಿತು. ಅಲ್ಲಿ ಹೊಟ್ಟು, ತುರಿಕೆ. ಆಮೇಲೆ ಅದು ಊದಿಕೊಂಡು, ಮುಟ್ಟಿದರೆ ಮೆತ್ತಗಾಗಿ, ಕೀವು ಜಿನುಗತೊಡಗಿತು. ಗುರುಸಿದ್ದಮ್ಮನವರು ಬೇವಿನೆಣ್ಣೆ ಹಚ್ಚಿದರು, ಗಂಧಕ ಅರೆದು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಿದರು. ಶಾಲೆಯಲ್ಲಿ ಪಕ್ಕದ ಹುಡುಗಿಯರು ದೂರ ಸರಿದು ಕೂತರು. ಅವಳು ಸೆರಗಿನಂತೆ ಒಂದು ಬಟ್ಟೆ ತಲೆಗೆ ಸುತ್ತಿಕೊಂಡು ಓಡಾಡತೊಡಗಿದಳು. ಬರುಬರುತ್ತ ಶಾಲೆಗೆ ಹೋಗುವುದನ್ನೇ ಬಿಟ್ಟಳು.

ಆಗ ಬಂದವರು ನರ್ಸ್ ಲಕ್ಷ್ಮಿದೇವಮ್ಮ. ಅವರು ನಮ್ಮೂರಿನ ಆಚೆ ಕೇರಿಯ ಬೈರಯ್ಯನವರ ಮಗಳು. ಹಟ ಹಿಡಿದು ಓದಿ, ತರಬೇತಿ ಮುಗಿಸಿ, ಈಗ ನಮ್ಮ ಸುತ್ತಿನ ಹಳ್ಳಿಗಳಿಗೆಲ್ಲ ಅವರೇ ನರ್ಸು. ಹೆರಿಗೆಗೆ ಅವರು ಬೇಕು, ಸೂಜಿಗೆ ಅವರು ಬೇಕು. ಆದರೆ ನಮ್ಮ ಕೇರಿಯ ಮನೆಗಳಲ್ಲಿ ಅವರಿಗೆ ಜಗಲಿಯ ತನಕ ಮಾತ್ರ ಜಾಗ. ಹೊಸಿಲಿನ ಒಳಗೆ ಒಂದು ಚೂರೂ ಭೇದ ಮಾಡದ ಗುರುಸಿದ್ದಮ್ಮನವರ ಮನೆಯಲ್ಲೂ ಹಾಗೆಯೇ. ಇದನ್ನು ಬರೆಯಬೇಡಿ ಎಂದು ಕೆಲವರು ನನಗೆ ಹೇಳಿದರು. ಬರೆಯದಿದ್ದರೆ ಕಥೆ ಅರ್ಥವಾಗುವುದಿಲ್ಲ, ಅದಕ್ಕೆ ಬರೆದೆ. ಅದು ನಮ್ಮೂರಿಗೆ ನಾಚಿಕೆಗೇಡಿನ ಸಂಗತಿ.

ಲಕ್ಷ್ಮಿದೇವಮ್ಮ ಜಗಲಿಯ ಮೇಲೆ ರುದ್ರಾಣಿಯನ್ನು ಕೂರಿಸಿಕೊಂಡು ಬಟ್ಟೆ ಬಿಚ್ಚಿ ನೋಡಿದರು. ಇದು ಹುಳುಕಡ್ಡಿ ಇರಬಹುದು, ಕೂದಲಿನ ಬುಡಕ್ಕೇ ಇಳಿದಿದೆ, ಮೇಲೆ ಏನು ಹಚ್ಚಿದರೂ ಅಲ್ಲಿಗೆ ಮುಟ್ಟುವುದಿಲ್ಲ, ತಡಮಾಡದೆ ಹಾಸನದ ಡಾಕ್ಟರಿಗೆ ತೋರಿಸಿ ಎಂದರು. ಹೆಣ್ಣುಮಗಳ ತಲೆಗೆ ಆಸ್ಪತ್ರೆ ಯಾಕೆ ಎಂದು ಗುರುಸಿದ್ದಮ್ಮನವರು ರಾಗ ಎಳೆದರು. ಆಗ ಲಕ್ಷ್ಮಿದೇವಮ್ಮ ಹೇಳಿದ ಮಾತು ನಾನು ಎದುರು ಜಗಲಿಯಿಂದ ಕೇಳಿಸಿಕೊಂಡೆ.

"ಅಮ್ಮಾರೆ, ಇಂಗೇ ಬುಟ್ರೆ ಬುಡಾನೇ ಸತ್ತೋಯ್ತದೆ. ಆಮ್ಯಾಕೆ ಆ ಜಾಗದಲ್ಲಿ ಯಾವತ್ತೂ ಕೂದ್ಲು ಬರಾಕಿಲ್ಲ. ನಾಳೆ ಮದುವೆ ಮಾಡಬೇಕಾದ ಹೆಣ್ಮಗ ಇದು."

ಮದುವೆ ಎಂದ ಮೇಲೆ ಅಜ್ಜಿ ಒಪ್ಪಿದರು. ಪರಮಶಿವಯ್ಯ ಮಗಳನ್ನು ಬಸ್ಸು ಹತ್ತಿಸಿಕೊಂಡು ಹಾಸನಕ್ಕೆ ಹೋದ.

ಡಾಕ್ಟರು ನಾಲ್ಕು ಕೂದಲು ಕಿತ್ತು, ಹೊಟ್ಟು ಕೆರೆದು, ಭೂತಗನ್ನಡಿಯಲ್ಲಿ ನೋಡಿದರು. ಹುಳುಕಡ್ಡಿ ಎಂಬ ಹೆಸರಿದ್ದರೂ ಇದು ಹುಳುವಲ್ಲ, ಉಪ್ಪಿನಕಾಯಿ ಮೇಲೆ ಕಟ್ಟುವ ಬೂಷ್ಟಿನ ಜಾತಿಯದು, ಮನುಷ್ಯರಿಂದಲೂ ದನಕರುವಿನಿಂದಲೂ ಹತ್ತುತ್ತದೆ ಎಂದರು. ಹುಡುಗಿಗೆ ಹಿಂದೆ ಯಾವಾಗಲಾದರೂ ಕಾಮಾಲೆ ಆಗಿತ್ತೇ ಎಂದು ಕೇಳಿದರು. ಇಲ್ಲವೆಂದ ಪರಮಶಿವಯ್ಯ, ಅದು ನಿಜವೇ. ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ತೆಗೆದು ನೋಡಿ, ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿ, ಆಮೇಲೆ ಮಾತ್ರೆ ಬರೆದರು. ಅದು ಈಚೆಗೆ ಬಂದಿರುವ ಮಾತ್ರೆ, ಗ್ರಿಸಿಯೋಫಲ್ವಿನ್ ಅಂತ ಹೆಸರು. ನಾಲಿಗೆ ತಿರುಗದಿದ್ದರೆ ಬೇಡ. ದಿನಾ ಊಟವಾದ ಮೇಲೆ ಹಾಲು ತುಪ್ಪದ ಜೊತೆ ಕೊಡಿ, ಕೂದಲು ಹೊಸದಾಗಿ ಬರುವ ತನಕ ವಾರಗಟ್ಟಲೆ ಕೊಡಬೇಕಾಗುತ್ತದೆ, ನಡುವೆ ಕರೆದುಕೊಂಡು ಬಂದು ತೋರಿಸಿ ಎಂದರು. ಬೇರೆ ಮಕ್ಕಳಿಗೆ ಕೊಡಬೇಡಿ ಎಂದು ಮಾತ್ರ ಹೇಳಲಿಲ್ಲ. ಅಂಥದೊಂದು ನಡೆಯಬಹುದು ಎಂದು ಅವರಿಗೆ ಹೊಳೆಯಬೇಕಲ್ಲ.

ಪರಮಶಿವಯ್ಯ ಮನೆಗೆ ಬಂದವನು ಪೊಟ್ಟಣವನ್ನು ತಾಯಿಯ ಕೈಗಿಟ್ಟು, "ದಿನಾ ಕೊಡಬೇಕಂತೆ" ಎಂದಷ್ಟೇ ಹೇಳಿ ಮಂಡಿಗೆ ಹೊರಟುಬಿಟ್ಟ. ಹಾಲು ತುಪ್ಪದ ಮಾತು ದಾರಿಯಲ್ಲೇ ಉದುರಿಹೋಯಿತು. ಗಂಡಸರು ಆಸ್ಪತ್ರೆಯಿಂದ ತರುವ ಸಮಾಚಾರ ಹೀಗೇ, ಮೂಟೆ ಕಟ್ಟಿದ್ದರಲ್ಲಿ ಮುಷ್ಟಿಯಷ್ಟು ಮನೆ ಸೇರುತ್ತದೆ.

ಒಳಗೆ ಏನು ನಡೆಯಿತೆಂದು ಸುವರ್ಣಮ್ಮ ಆಮೇಲೆ ನನಗೆ ಹೇಳಿದಳು. ಮಾರನೆಯ ಬೆಳಿಗ್ಗೆ ಗುರುಸಿದ್ದಮ್ಮನವರು ಮಾತ್ರೆಯನ್ನು ಸಾಣೆಕಲ್ಲಿನ ಮೇಲೆ ಪುಡಿ ಮಾಡಿ ಜೇನುತುಪ್ಪದಲ್ಲಿ ಕಲಸಿದರು. ರುದ್ರಾಣಿಯನ್ನು ಕರೆದರು. ಅವಳ ಹಿಂದೆ ಉಳಿದ ಮೂವರೂ ಬಂದು ನಾಲಿಗೆ ಚಾಚಿ ನಿಂತರು, ಜೇನು ಕಂಡರೆ ಯಾವ ಮಗು ತಾನೇ ನಿಲ್ಲುವುದಿಲ್ಲ? ಅಜ್ಜಿಯ ಕೈ ತಡೆಯಿತು. ಒಬ್ಬಳ ಬಾಯಿಗೆ ಹಾಕಿ ಮೂವರನ್ನು ಓಡಿಸುವುದು ಅವರಿಂದಾಗಲಿಲ್ಲ. ಜೊತೆಗೆ, ಒಂದೇ ಚಾಪೆಯಲ್ಲಿ ಮಲಗುವ ಮಕ್ಕಳು, ನಾಳೆ ಅವಕ್ಕೂ ಹತ್ತಿದರೆ ಏನು ಗತಿ ಎಂಬ ಹೆದರಿಕೆ. ನಾಲ್ಕು ಪಾಲು ಮಾಡಿ ನಾಲ್ವರಿಗೂ ನೆಕ್ಕಿಸಿದರು. ಅದೂ ಬರಿಹೊಟ್ಟೆಯಲ್ಲಿ, ಯಾಕೆಂದರೆ ಅವರ ಕೈಯಲ್ಲಿ ಔಷಧಿ ಎಂದೂ ಬರಿಹೊಟ್ಟೆಗೇ. ಮೇಲೆ ಪಥ್ಯ. ಜಿಡ್ಡು ತಿಂದರೆ ಕಜ್ಜಿ ಹೆಚ್ಚುತ್ತದೆಂದು ಹಾಲು, ತುಪ್ಪ, ಬೆಣ್ಣೆ ಎಲ್ಲ ನಿಂತುಹೋಯಿತು. ಈ ಮಾತ್ರೆಗೆ ಜಿಡ್ಡಿಲ್ಲದಿದ್ದರೆ ಅದು ಮೈಗೆ ಸರಿಯಾಗಿ ಹತ್ತುವುದೇ ಇಲ್ಲ ಎಂದು ಆ ಮನೆಯಲ್ಲಿ ಯಾರಿಗೆ ಗೊತ್ತಿತ್ತು?

ಹೀಗೆ ದಿನಗಳು ಕಳೆದವು. ಲಕ್ಷ್ಮಿದೇವಮ್ಮ ವಾರಕ್ಕೊಮ್ಮೆ ಬಂದು ಜಗಲಿಯ ಮೇಲೆ ಕೂತು ವಿಚಾರಿಸುತ್ತಿದ್ದರು. ಮಾತ್ರೆ ಕೊಡುತ್ತಿದ್ದೀರಾ ಎಂದರೆ, "ಒಂದು ದಿನಾನೂ ತಪ್ಸಿಲ್ಲ ಕಣವ್ವ" ಎನ್ನುತ್ತಿದ್ದರು ಗುರುಸಿದ್ದಮ್ಮನವರು. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ರುದ್ರಾಣಿಯ ತಲೆ ನೋಡಿದರೆ ಊತ ಇಳಿದಿಲ್ಲ, ಬಿಲ್ಲೆ ಅಗಲವಾಗಿದೆ. ಲಕ್ಷ್ಮಿದೇವಮ್ಮನಿಗೆ ಅನುಮಾನ ಬಂದು ಪೊಟ್ಟಣ ತೋರಿಸಿ ಎಂದರು. ಅಜ್ಜಿ ಮುಖ ಗಂಟುಹಾಕಿಕೊಂಡೇ ತಂದು ತೋರಿಸಿದರು. ಮಾತ್ರೆಗಳು ಖರ್ಚಾಗಬೇಕಾದಷ್ಟು ಖರ್ಚಾಗಿದ್ದವು. ಇನ್ನೇನು ಕೇಳುತ್ತಾರೆ? ಹಾಗಾದರೆ ಡಾಕ್ಟರಿಗೆ ಇನ್ನೊಮ್ಮೆ ತೋರಿಸಲೇಬೇಕು, ಅವರೇ ಹೇಳಿದ್ದಾರಲ್ಲ ಎಂದು ಒತ್ತಾಯ ಮಾಡಿದರು. ಪರಮಶಿವಯ್ಯನಿಗೆ ಮಂಡಿಯಲ್ಲಿ ಕೊಬ್ಬರಿಯ ಹಂಗಾಮು, ಬರುವ ವಾರ ಬರುವ ವಾರ ಎಂದು ತಳ್ಳುತ್ತ ಹೋದ.

ಲಕ್ಷ್ಮಿದೇವಮ್ಮನವರು ಒಂದು ಬೆಳಿಗ್ಗೆ ಆ ಮನೆಯ ನಡುಮನೆಯಲ್ಲಿ ಕೂತಿದ್ದರೆ ಸಾಕಾಗಿತ್ತು. ಮಾತ್ರೆ ಯಾರ ನಾಲಿಗೆಗೆ ಹೋಗುತ್ತದೆಂದು ಕಣ್ಣಿಗೆ ಬೀಳುತ್ತಿತ್ತು. ಆದರೆ ಅವರನ್ನು ಒಳಗೆ ಕರೆದವರು ಯಾರು?

ಈಗ ಮರುಳನ ಮಾತು. ಅವನಿಗೆ ಹಿಂದಿನ ಶಿವರಾತ್ರಿಯ ಹೊತ್ತಿಗೆ ಕಾಮಾಲೆಯಾಗಿ ನೆಲನೆಲ್ಲಿ ಕುಡಿಸಿ ವಾಸಿ ಮಾಡಿದ್ದರು. ವಾಸಿ ಎಂದರೆ ಕಣ್ಣಿನ ಹಳದಿ ಹೋಗಿತ್ತು, ಅಷ್ಟೆ. ಮಗು ಇನ್ನೂ ಕಡ್ಡಿಯಂತೆಯೇ ಇತ್ತು. ಡಾಕ್ಟರು ಕಾಮಾಲೆಯ ವಿಷಯ ಕೇಳಿದಾಗ ಪರಮಶಿವಯ್ಯ ತನ್ನ ಮಗಳದ್ದಷ್ಟೇ ಹೇಳಿದ್ದ, ತಮ್ಮನ ಮಗನ ಮಾತು ಅಲ್ಲಿ ಬರಲು ಕಾರಣವೇ ಇರಲಿಲ್ಲ. ಮರುಳ ಮೊದಲು ಅನ್ನ ಬಿಟ್ಟ. ಆಮೇಲೆ ಕುಡಿದ ನೀರನ್ನೂ ಕಕ್ಕತೊಡಗಿದ. ಸುಸ್ತಾಗಿ ತಾಯಿಯ ಸೊಂಟದಿಂದ ಇಳಿಯದಾದ. ಉಚ್ಚೆ ಅರಿಸಿನದ ನೀರಿನಂತಾಯಿತು. ಹಳೆಯದೇ ತಿರುಗಿ ಬಂದಿದೆ ಎಂದು ಗುರುಸಿದ್ದಮ್ಮನವರು ಮತ್ತೆ ನೆಲನೆಲ್ಲಿ ಅರೆದರು. ಬೆಳಗಿನ ಜೇನಿನ ಪಾಲನ್ನು ಮಾತ್ರ ತಪ್ಪಿಸಲಿಲ್ಲ. ಕಾಯಿಲೆ ಮಗುವಿನ ಪಾಲನ್ನು ಕಿತ್ತುಕೊಳ್ಳುವುದುಂಟೇ ಎಂದು, ಎಲ್ಲರಿಗಿಂತ ಮೊದಲು ಅವನಿಗೇ ನೆಕ್ಕಿಸುತ್ತಿದ್ದರು.

ಆ ದಿನ ಲಕ್ಷ್ಮಿದೇವಮ್ಮ ಜಗಲಿಯಲ್ಲಿ ಕೂತು ರುದ್ರಾಣಿಯ ತಲೆಯ ಕೀವು ಒರೆಸುತ್ತಿದ್ದರು. ನಾನೂ ಅಲ್ಲಿಗೆ ಹೋಗಿದ್ದೆ. ಸುವರ್ಣಮ್ಮ ಮಗುವನ್ನು ವಾಂತಿ ಮಾಡಿಸಲು ಅಂಗಳಕ್ಕೆ ತಂದಳು. ಬಿಸಿಲಿಗೆ ಅವನ ಕಣ್ಣು ಹಳದಿಯಾಗಿ ಕಂಡಿತು. ಲಕ್ಷ್ಮಿದೇವಮ್ಮ ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟು, ಮಗುವಿಗೆ ಏನೇನು ಕೊಟ್ಟಿದ್ದೀರಿ ಎಂದು ಕೇಳಿದರು. ನೆಲನೆಲ್ಲಿ ಬಿಟ್ಟರೆ ಇನ್ನೇನೂ ಇಲ್ಲ ಎಂದರು ಗುರುಸಿದ್ದಮ್ಮನವರು. ಅವರು ಬಚ್ಚಿಡಲಿಲ್ಲ, ಅವರ ಮನಸ್ಸಿನಲ್ಲಿ ಆ ಜೇನು ಔಷಧಿಯ ಲೆಕ್ಕಕ್ಕೇ ಇರಲಿಲ್ಲ, ಅದು ಮಕ್ಕಳ ಪಾಲು.

ಸುವರ್ಣಮ್ಮ ಮದುವೆಯಾಗಿ ಬಂದಂದಿನಿಂದ ಅತ್ತೆಯ ಮಾತಿಗೆ ಅಡ್ಡ ಮಾತಾಡಿದವಳಲ್ಲ. ಅವತ್ತು ತಲೆ ತಗ್ಗಿಸಿಕೊಂಡೇ ಆಡಿದಳು.

"ಅತ್ತೆ, ರುದ್ರಾಣಿ ಮಾತ್ರೆ ಇವನಿಗೂ ದಿನಾ ನೆಕ್ಸಿದೀವಲ್ಲ."

ಲಕ್ಷ್ಮಿದೇವಮ್ಮ ಎದ್ದರು. ಮಗುವನ್ನು ಸುವರ್ಣಮ್ಮನ ಕೈಯಿಂದ ಇಸಿದುಕೊಂಡು, ಹೊಸಿಲು ದಾಟಿ ಒಳಗೆ ಹೋಗಿ, ನಡುಮನೆಯಲ್ಲಿ ಮಲಗಿಸಿ, ಹೊಟ್ಟೆಯ ಬಲಭಾಗ ಒತ್ತಿ ನೋಡಿದರು. ಮಗು ನೋವಿಗೆ ಮುಖ ಕಿವುಚಿತು. ಇವತ್ತೇ, ಈಗಲೇ ಹಾಸನಕ್ಕೆ ಹೋಗಬೇಕು, ಇಬ್ಬರು ಮಕ್ಕಳೂ ಬರಬೇಕು, ಉಳಿದ ಮಾತ್ರೆಯೂ ಬರಬೇಕು ಎಂದರು. ಗುರುಸಿದ್ದಮ್ಮನವರು ಬೇಡವೆನ್ನಲಿಲ್ಲ. ಗೂಡಿನಿಂದ ಪೊಟ್ಟಣ ತೆಗೆದು ನರ್ಸಮ್ಮನ ಕೈಗೇ ಕೊಟ್ಟರು.

ನಾವು ಐದು ಜನ ಹೆಂಗಸರು ಮಕ್ಕಳು ಬಸ್ಸಿನಲ್ಲಿ ಹೋದೆವು. ಗುರುಸಿದ್ದಮ್ಮನವರು ಮನೆಯಲ್ಲಿ ಉಳಿದ ಇಬ್ಬರು ಗಂಡುಹುಡುಗರನ್ನು ಪಕ್ಕದ ಮನೆಗೆ ಬಿಟ್ಟು, ಮುಂದಿನ ಬಸ್ಸಿಗೆ ಒಬ್ಬರೇ ಬಂದರು. ಆ ವಯಸ್ಸಿನಲ್ಲಿ ಒಬ್ಬರೇ ಬಸ್ಸು ಹತ್ತಿದ್ದು ಅದೇ ಮೊದಲು.

ಡಾಕ್ಟರು ಮರುಳನನ್ನು ಒಳಗೆ ಸೇರಿಸಿಕೊಂಡರು. ಆಮೇಲೆ ಹೊರಗೆ ಬಂದು ನಮ್ಮ ಮಾತೆಲ್ಲ ಕೇಳಿದರು. ಅವರು ಬೈಯಲಿಲ್ಲ. ಬೈದಿದ್ದರೆ ಗುರುಸಿದ್ದಮ್ಮನವರಿಗೆ ಸಮಾಧಾನವಾಗುತ್ತಿತ್ತೋ ಏನೋ. ಮಾತ್ರೆಯಿಂದಲೇ ಹೀಗಾಯಿತೆಂದು ಆಣೆ ಇಟ್ಟು ಹೇಳಲಾರೆ, ಹಳೆಯ ಕಾಮಾಲೆ ಪೂರ್ತಿ ಗುಣವಾಗದೆ ಒಳಗೇ ಇದ್ದಿರಬಹುದು ಎಂದರು. ಆದರೆ ಲಿವರು ಕೆಟ್ಟ ಮಗುವಿಗೆ ಈ ಮಾತ್ರೆಯ ಒಂದು ಚೂರನ್ನೂ ನಾನು ಕೊಡುತ್ತಿರಲಿಲ್ಲ, ಅದಕ್ಕೇ ಮೊದಲು ಕಾಮಾಲೆಯ ವಿಷಯ ಕೇಳುವುದು, ರಕ್ತ ನೋಡುವುದು, ನಡುವೆ ಕರೆಸಿ ಮತ್ತೆ ನೋಡುವುದು ಎಂದರು.

ಗುರುಸಿದ್ದಮ್ಮನವರು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಅಲ್ಲಿಂದಲೇ ಕೇಳಿದರು, "ಕಾಲು ಪಾಲು ಕಣಪ್ಪ ಕೊಟ್ಟಿದ್ದು. ಅಷ್ಟಕ್ಕೇ ಇಂಗಾದದಾ?"

ಡಾಕ್ಟರು ಅವರ ಎದುರಿಗೆ ಕುಕ್ಕರಗಾಲಿನಲ್ಲಿ ಕೂತರು. "ಅಜ್ಜಿ, ಆ ಮಾತ್ರೆ ರುದ್ರಾಣಿಯ ತೂಕಕ್ಕೆ ಲೆಕ್ಕ ಹಾಕಿದ್ದು. ಅವಳಿಗೆ ಕಾಲು ಪಾಲು ಸಿಕ್ಕರೆ ಬೂಷ್ಟು ಸಾಯೋದಿಲ್ಲ. ಆ ಪುಟ್ಟ ಮಗುವಿಗೆ ಒಂದು ಚೂರೂ ಬೇಕಿರಲಿಲ್ಲ, ಅವನಿಗೆ ಕಾಲು ಪಾಲೇ ಹೆಚ್ಚು. ಅವರವರ ಮೈಗೆ ಎಷ್ಟು ಬೇಕೋ ಅಷ್ಟು. ಇದರಲ್ಲಿ ಸಮ ಅನ್ನೋದೇ ಇಲ್ಲ."

ಆಮೇಲೆ ರುದ್ರಾಣಿಯ ತಲೆ ನೋಡಿದರು. ಬಹಳ ಹೊತ್ತು ನೋಡಿದರು. ಹುಡುಗಿ ತಾನೇ ಬಾಯಿಬಿಟ್ಟು ಕೇಳಿದಳು.

"ಇಲ್ಲಿ ಕೂದ್ಲು ಬತ್ತದಾ ಸಾ?"

"ಸುತ್ತ ಬರುತ್ತಮ್ಮ," ಎಂದರು ಡಾಕ್ಟರು. "ನಡುವೆ ಬರೋದಿಲ್ಲ."

ರುದ್ರಾಣಿ ಅಳಲಿಲ್ಲ. ಬಟ್ಟೆಯನ್ನು ಮತ್ತೆ ತಲೆಗೆ ಕಟ್ಟಿಕೊಂಡಳು, ಅಷ್ಟೇ. ನನಗೆ ತಡೆಯಲಾಗದೆ ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ. ಅವಳ ಪಾಲಿನದು ಅವಳಿಗೆ ಪೂರ್ತಿ ಸಿಕ್ಕಿದ್ದರೆ ಆ ಹೊತ್ತಿಗೆ ಎಳೆಗೂದಲು ಬರುತ್ತಿತ್ತು.

ಮರುಳ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದ. ಎರಡು ಮೂರು ದಿನವಂತೂ ಕರೆದರೆ ಕಣ್ಣು ಬಿಡುವುದೂ ಕಷ್ಟವಾಗಿತ್ತು. ಸುವರ್ಣಮ್ಮನ ಗಂಡ ಹೋಟೆಲು ಮುಚ್ಚಿ ಓಡಿಬಂದ. ಗುರುಸಿದ್ದಮ್ಮನವರು ಆಸ್ಪತ್ರೆಯ ಜಗಲಿ ಬಿಟ್ಟು ಕದಲಲಿಲ್ಲ, ಲಿಂಗಪೂಜೆ ಮಾಡಿ ಒಂದು ಲೋಟ ನೀರು ಕುಡಿದು ಕೂರುತ್ತಿದ್ದರು. ಸುವರ್ಣಮ್ಮ ಅತ್ತೆಯನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಅವರ ಕಡೆ ತಿರುಗಿ ನೋಡುತ್ತಲೂ ಇರಲಿಲ್ಲ. ಮಗು ಒಂದು ದಿನ ಗಂಜಿ ಕುಡಿದು ಕಕ್ಕದೆ ಉಳಿಸಿಕೊಂಡಿತು. ಅವತ್ತು ಸುವರ್ಣಮ್ಮ ಹೊರಗೆ ಬಂದು, ಏಳಿ ಅತ್ತೆ, ಊಟ ಮಾಡಿ ಎಂದು ಕೈ ಹಿಡಿದು ಎಬ್ಬಿಸಿದಳು. ಆಗ ಅವರು ಅತ್ತರು.

ಮರುಳ ಉಳಿದ. ನಿಧಾನವಾಗಿ ಮೈ ಹಿಡಿದ. ಈಗ ಬೀದಿಯಲ್ಲಿ ಕೋಳಿ ಅಟ್ಟಿಕೊಂಡು ತಿರುಗುತ್ತಾನೆ.

ರುದ್ರಾಣಿಗೆ ಮಾತ್ರೆ ಮೊದಲಿನಿಂದ ಶುರುವಾಯಿತು. ಮತ್ತೆ ತೂಗಿದರು, ಮತ್ತೆ ರಕ್ತ ನೋಡಿದರು. ಹುಡುಗಿ ದಪ್ಪಗಾದರೆ ಸಣ್ಣಗಾದರೆ ಮಾತ್ರೆಯೂ ಹೆಚ್ಚು ಕಡಿಮೆ ಆಗಬಹುದು, ಅದಕ್ಕೆ ಬಂದಾಗಲೆಲ್ಲ ತೂಕ ಎಂದರು ಡಾಕ್ಟರು. ತಲೆನೋವು, ಹೊಟ್ಟೆತೊಳಸು, ಮೈಮೇಲೆ ಗಂಧೆ, ಕಣ್ಣು ಉಚ್ಚೆ ಹಳದಿ, ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ, ಬನ್ನಿ ಎಂದರು. ಸುಡುಬಿಸಿಲಲ್ಲಿ ಆಡಲು ಬಿಡಬೇಡಿ ಎಂದರು. ಪಾಲಿನ ಜೇನು ಉಂಡ ಉಳಿದಿಬ್ಬರು ಹುಡುಗರಲ್ಲಿ ಒಬ್ಬನಿಗೆ ಹುಳುಕಡ್ಡಿ ಹತ್ತಿಯೇ ಇತ್ತು, ಕಾಲು ಪಾಲು ಅವನನ್ನೇನೂ ಕಾಯಲಿಲ್ಲ. ಅವನನ್ನೂ ಪರೀಕ್ಷೆ ಮಾಡಿ, ತೂಗಿ, ಅವನಿಗೇ ಬೇರೆ ಮಾತ್ರೆ ಕೊಟ್ಟರು. ಬಾಚಣಿಗೆ, ಟೋಪಿ, ಟವಲು ಬೇರೆ ಬೇರೆಯಾದವು. ಕರುವನ್ನು ದನದ ಡಾಕ್ಟರು ನೋಡಿದರು.

ಲಕ್ಷ್ಮಿದೇವಮ್ಮ ಈಗ ಆ ಮನೆಯ ಅಡುಗೆಮನೆಯ ಬಾಗಿಲಲ್ಲಿ ಕೂರುತ್ತಾರೆ. ಮಾತ್ರೆ ನಡೆಯುತ್ತಿದ್ದಾಗ ಬಂದಾಗಲೆಲ್ಲ, ರುದ್ರಾಣಿ ತುಪ್ಪ ಹಾಕಿದ ಅನ್ನ ಉಂಡು, ಹಾಲು ಕುಡಿದು, ಮಾತ್ರೆ ನುಂಗುವುದನ್ನು ಕಣ್ಣಾರೆ ನೋಡುತ್ತಿದ್ದರು. ಮೊದಮೊದಲು ಕೇರಿಯಲ್ಲಿ ಗುಸುಗುಸು ಎದ್ದಿತು. ಗುರುಸಿದ್ದಮ್ಮನವರೇ ಬಾವಿಕಟ್ಟೆಯಲ್ಲಿ ನಿಂತು, ನನ್ನ ಮೊಮ್ಮಗನ್ನ ಎತ್ಕಂಡೋಗಿ ಉಳಿಸಿದ ಕೈ ಅದು, ಯಾರಿಗೆ ಏನು ಹೇಳೋದಿದೆಯೋ ನನ್ನ ಮುಂದೆ ಹೇಳಿ ಎಂದರು. ಆಮೇಲೆ ಯಾರೂ ಹೇಳಲಿಲ್ಲ.

ವಾರಗಳು ಕಳೆದು ರುದ್ರಾಣಿಯ ತಲೆಯಲ್ಲಿ ಊತ ಇಳಿಯಿತು, ಕೀವು ಬತ್ತಿತು, ಸುತ್ತ ಎಳೆಗೂದಲು ಬಂತು. ವಾಸಿಯಾಯಿತಲ್ಲ, ಇನ್ನು ಸಾಕು ಎಂದ ಪರಮಶಿವಯ್ಯ. ತಾಯಿ ಅವನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಡಾಕ್ಟರು ಮತ್ತೆ ಕೂದಲು ಕಿತ್ತು ನೋಡಿ, ಬೂಷ್ಟು ಪೂರ್ತಿ ಹೋಗಿದೆ ಎಂದ ಮೇಲೆಯೇ ಮಾತ್ರೆ ನಿಂತದ್ದು. ರುದ್ರಾಣಿ ಈಗ ಶಾಲೆಗೆ ಹೋಗುತ್ತಾಳೆ. ನೆತ್ತಿಯ ಹಿಂದೆ ಬೋಳಾಗಿ ಉಳಿದ ಜಾಗ ಕಾಣದ ಹಾಗೆ ಅಜ್ಜಿ ದಿನಾ ಬೆಳಿಗ್ಗೆ ಕೂರಿಸಿಕೊಂಡು ಜಡೆ ಹಾಕುತ್ತಾರೆ. ಗಾಳಿ ಬಂದರೆ ಅವಳ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ.

ಹೋದ ತಿಂಗಳು ಸಮಾಜದ ಸಭೆಯಲ್ಲಿ ಈ ವಿಷಯ ಯಾರು ಹೇಳುತ್ತೀರಿ ಎಂದು ನಾನು ಕೇಳಿದಾಗ ಗುರುಸಿದ್ದಮ್ಮನವರು ತಾವೇ ಎದ್ದು ನಿಂತರು. ಎಂದೂ ಸಭೆಯಲ್ಲಿ ಮಾತಾಡಿದವರಲ್ಲ. ಹೇಳಿದ್ದು ಒಂದೇ ಮಾತು.

"ಒಂದು ಮಗೀಗೂ ಮೋಸ ಆಗಬಾರ್ದು ಅಂತಿದ್ದೆ ಕಣ್ರವ್ವ. ನಾಲ್ಕು ಮಕ್ಳಿಗೂ ನಾನೇ ಮೋಸ ಮಾಡ್ದೆ."

ಅಕ್ಕತಂಗಿಯರೇ, ಅವರು ಮೋಸ ಮಾಡಿದವರಲ್ಲ. ಗೊತ್ತಿಲ್ಲದೆ ಮಾಡಿದವರು. ಇನ್ನು ಮುಂದೆ ನಮಗೆ ಗೊತ್ತಿಲ್ಲ ಎನ್ನುವ ಹಾಗಿಲ್ಲ, ಈಗ ಓದಿದಿರಲ್ಲ. ಬೆಲ್ಲವನ್ನು ಪಾಲು ಮಾಡಿ, ಮಾವಿನಹಣ್ಣನ್ನು ಪಾಲು ಮಾಡಿ. ಡಾಕ್ಟರು ಒಂದು ಮಗುವನ್ನು ತೂಗಿ ಕೊಟ್ಟ ಮಾತ್ರೆಯನ್ನು ಆ ಮಗುವಿಗೇ ಪೂರ್ತಿ ಕೊಡಿ, ಪಕ್ಕದಲ್ಲಿ ಯಾರು ನಾಲಿಗೆ ಚಾಚಿದರೂ ಕೊಡಬೇಡಿ. ಇನ್ನೊಂದು ಮಗುವಿಗೂ ಕೆರೆತವಿದ್ದರೆ ಅದನ್ನೂ ಕರೆದುಕೊಂಡು ಹೋಗಿ. ಮೊದಲು ಕಾಮಾಲೆಯಾಗಿದ್ದರೆ ಅವರು ಕೇಳುವ ಮುಂಚೆ ನೀವೇ ಹೇಳಿ. ಬರಿಹೊಟ್ಟೆಗೋ ಊಟದ ಮೇಲೋ, ಹಾಲಿನ ಜೊತೆಗೋ ನೀರಿನ ಜೊತೆಗೋ, ಪಥ್ಯ ಬೇಕೋ ಬೇಡವೋ, ಬಾಯಿಬಿಟ್ಟು ಕೇಳಿ. ಕರೆದ ದಿನ ಹೋಗಿ ತೋರಿಸಿ. ಸಾಕು ಎನ್ನುವುದು ಡಾಕ್ಟರ ಬಾಯಿಂದ ಬರಲಿ, ನಮ್ಮ ಬಾಯಿಂದ ಬೇಡ. ನರ್ಸಮ್ಮ ಬಂದರೆ ಒಳಗೆ ಕರೆದು ಕೂರಿಸಿ.

ಇದನ್ನು ಓದುತ್ತಿರುವಾಗಲೂ ನಿಮ್ಮ ಮಗು ಪಕ್ಕದಲ್ಲಿ ಕೂತು ತಲೆ ಕೆರೆದುಕೊಳ್ಳುತ್ತಿರಬಹುದು. ಹತ್ತಿರ ಎಳೆದುಕೊಂಡು ಕೂದಲು ಬಿಡಿಸಿ ನೋಡಿ. ದುಂಡಗೆ ಉದುರಿದ್ದರೆ, ಊದಿದ್ದರೆ, ನಾಳೆ ಬೆಳಿಗ್ಗೆ ಬಸ್ಸು ಹತ್ತಿ. ರುದ್ರಾಣಿಗೆ ಕಾಲ ಮಿಂಚಿಹೋಯಿತು. ನಿಮ್ಮ ಮಗುವಿಗೆ ಇನ್ನೂ ಮಿಂಚಿಲ್ಲ.